‘ಹಿಂದೆ ಏನಿಟ್ಟಿದ್ದೀರಿ?’ ಎಂದು ಕೇಳುವ ಭಾನುಮತಿ

ಶನಿವಾರ ಬೆಳಗಿನ ಆರು ಗಂಟೆ. ಕಾರ್ಕ್ ನಗರದ ಪಶ್ಚಿಮಕ್ಕೆ, ಬ್ಯಾಲಿನ್‌ಕೊಲಿಗ್ ದಾಟಿದ ಮೇಲೆ ಸಿಗುವ ಯಾರ್ಡೊಂದರಲ್ಲಿ ಭಾನುಮತಿ ಉದ್ದ ಕಡ್ಡಿಯ ಪೊರಕೆ ಹಿಡಿದು ಗುಡಿಸುತ್ತಿದ್ದಾರೆ. ಗುಡಿಸುತ್ತಿರುವುದು ಲಾರಿಯೊಂದು ಪೂರ್ತಿ ನಿಲ್ಲುವಷ್ಟು ಉದ್ದದ ಉಕ್ಕಿನ ಪ್ಲೇಟನ್ನು. ಇದು ಯಾರು ಬೇಕಾದರೂ ಗಾಡಿ ತಂದು ತೂಗಿಸಬಹುದಾದ ವೇಬ್ರಿಡ್ಜು. ನಿನ್ನೆ ಟ್ರ್ಯಾಕ್ಟರುಗಳು ಬಿಟ್ಟುಹೋದ ಕೆಸರನ್ನೆಲ್ಲ ಅಂಚಿಗೆ ತಳ್ಳಿ, ಕ್ಯಾಬಿನ್ನಿನೊಳಗೆ ಹೋಗಿ ಕೆಂಪು ಅಂಕಿಯನ್ನು ನೋಡುತ್ತಾರೆ. ಸೊನ್ನೆ ಬಂದಿದೆ. ಆಮೇಲೆಯೇ ಫ್ಲಾಸ್ಕಿನ ಕಾಫಿ.

‘ಪ್ಲೇಟ್ ಮೇಲೆ ಕಸ ಇಟ್ಕೊಂಡು ಇನ್ನೊಬ್ರ ಭಾರ ಹೇಳಕ್ಕಾಗತ್ತಾ?’ ಎನ್ನುತ್ತಾ ನನಗೂ ಒಂದು ಲೋಟ ಕೊಡುತ್ತಾರೆ. ಐರ್ಲೆಂಡಿನ ಮೇ ತಿಂಗಳ ಚಳಿಯಲ್ಲಿ, ಕೈ ಜೇಬಿನಿಂದ ತೆಗೆಯಲೂ ಸೋಮಾರಿತನ ಪಡುತ್ತಿದ್ದ ನನಗೆ ಅದು ಅಮೃತವೇ ಸರಿ. ಸ್ವೆಟರಿನ ಮೇಲೆ ಹೊಳೆಯುವ ಹಳದಿ ಜಾಕೆಟ್, ಹಣೆಯಲ್ಲಿ ಕುಂಕುಮ, ಕಾಲಲ್ಲಿ ಮೊಣಕಾಲವರೆಗಿನ ಬೂಟು. ಭಾನುಮತಿ ಮೈಸೂರಿನವರು. ಗಂಡ ಶ್ರೀರಾಮ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಊರಿನ ಕನ್ನಡದವರ ಕೂಟಗಳಲ್ಲಿ ಎಲ್ಲರೂ ‘ಶ್ರೀರಾಮ ಏನು ಮಾಡ್ತಾರೆ’ ಎಂದು ಕೇಳುತ್ತಾರೆಯೇ ಹೊರತು ಈಕೆಯ ಕೆಲಸ ಏನೆಂದು ಕೇಳಿದವರು ಕಡಿಮೆಯಂತೆ.

ವಾರದ ದಿನಗಳಲ್ಲಿ ಇಲ್ಲಿ ಬಾರ್ಲಿ, ಹುಲ್ಲು, ಗುಜರಿ ಕಬ್ಬಿಣ ತೂಗುತ್ತದೆ. ಶನಿವಾರ ಮಾತ್ರ ಕ್ಯಾರವಾನುಗಳ ದಿನ. ಗಾಡಿಯ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಸಮುದ್ರದ ಕಡೆ ಹೊರಟ ಸಂಸಾರಗಳು ಬೇಸಿಗೆಯುದ್ದಕ್ಕೂ ಗೇಟಿನವರೆಗೆ ಸಾಲು ನಿಲ್ಲುತ್ತವೆ. ಜೂನ್ ತಿಂಗಳಲ್ಲಿ ಒಂದೇ ಬೆಳಗ್ಗೆ ಇಪ್ಪತ್ತು ಕ್ಯಾರವಾನುಗಳಾದರೂ ಬರುತ್ತವೆ. ಮೊದಲು ಗಾಡಿ ಮತ್ತು ಕ್ಯಾರವಾನ್ ಒಟ್ಟಿಗೆ, ಆಮೇಲೆ ಬಿಚ್ಚಿ ಬೇರೆಬೇರೆಯಾಗಿ ತೂಕವಾಗಬೇಕು. ಬೇರೆ ಕಡೆ ಅಲ್ಲಿಗೆ ಮುಗಿಯಿತು. ಭಾನುಮತಿ ಬಿಡುವುದಿಲ್ಲ. ಕ್ಯಾರವಾನಿನ ಮೂತಿಯನ್ನು, ಅಂದರೆ ಗಾಡಿಯ ಕೊಕ್ಕೆಗೆ ಸಿಕ್ಕಿಸುವ ತುದಿಯನ್ನು, ಮೊಳದುದ್ದದ ಒಂದು ಗೇಜಿನ ಮೇಲೆ ಇಳಿಸಿ ಅದರ ಭಾರವನ್ನೂ ನೋಡುತ್ತಾರೆ. ಅದು ಕಡಿಮೆ ಬಂದರೆ ಅವರ ಪ್ರಶ್ನೆ ಒಂದೇ: ಹಿಂದೆ ಏನಿಟ್ಟಿದ್ದೀರಿ?

ಆ ಪ್ರಶ್ನೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಐದು ವರ್ಷದ ಹಿಂದೆ ಶ್ರೀರಾಮ ಹಳೆಯ ಕ್ಯಾರವಾನೊಂದನ್ನು ಕೊಂಡರು. ಮೈಸೂರಿನಿಂದ ಭಾನುಮತಿಯ ತಾಯಿ ಚನ್ನಮ್ಮ ಬಂದಿದ್ದರು. ಕೆರ್ರಿಯ ಕಡಲ ದಂಡೆಯಲ್ಲಿ ಬಿಸಿಬಿಸಿ ದೋಸೆ ಹುಯ್ಯಬೇಕೆಂಬುದು ಮನೆಮಂದಿಯ ಆಸೆ. ಇಲ್ಲಿನ ಹವೆಯಲ್ಲಿ ಹಿಟ್ಟು ಹುದುಗು ಬರುತ್ತದೋ ಇಲ್ಲವೋ ಎಂದು ಯಾರೂ ಯೋಚಿಸಲಿಲ್ಲ, ಇರಲಿ. ಹೊಸ ಪಿಕಪ್ಪಿಗೆ ಭಾರ ಬೀಳಬಾರದು ಎಂಬ ಕರುಣೆಯಿಂದ ಕಲ್ಲಿನ ಗ್ರೈಂಡರ್, ಅಕ್ಕಿ ಮೂಟೆ, ನೀರಿನ ಕ್ಯಾನು, ಕುಕ್ಕರುಗಳನ್ನೆಲ್ಲ ಕ್ಯಾರವಾನಿನ ಹಿಂತುದಿಗೆ ತುರುಕಿದರು. ಬಸ್ಸಿನ ಡಿಕ್ಕಿಗೆ ಲಗೇಜು ತುಂಬಿ ಬೆಳೆದವರಿಗೆ ಸಾಮಾನಿನ ಜಾಗ ಹಿಂದೆಯೇ ತಾನೇ.

ಇಳಿಜಾರಿನಲ್ಲಿ ಕ್ಯಾರವಾನು ಬಾಲ ಅಲ್ಲಾಡಿಸತೊಡಗಿತು. ಶ್ರೀರಾಮ ಬ್ರೇಕ್ ಒತ್ತಿದಷ್ಟೂ ಹೆಚ್ಚಾಯಿತು. ಕೊನೆಗೆ ಕೊಕ್ಕೆ ಕಳಚಿ ಬೇಲಿಗೆ ಒರಗಿ ಮಗುಚಿಕೊಂಡಿತು. ಪಿಕಪ್ಪಿನಲ್ಲಿದ್ದ ಯಾರಿಗೂ ಗಾಯವಾಗಲಿಲ್ಲ, ಆದರೆ ಎಲ್ಲರ ಜೀವ ಬಾಯಿಗೆ ಬಂದಿತ್ತು. ಟ್ರ್ಯಾಕ್ಟರ್ ತಂದು ಕ್ಯಾರವಾನನ್ನು ಎತ್ತಿಸಿದವರು ಈ ಯಾರ್ಡಿನ ಯಜಮಾನ ಡೋನಲ್. ಅತಿಭಾರ ಹೇರಿದ್ದೀರಿ ಎಂದು ಗದರಿ, ಚೆಲ್ಲಿದ್ದನ್ನೆಲ್ಲ ಮತ್ತೆ ತುಂಬಿಸಿ ಇದೇ ಪ್ಲೇಟಿನ ಮೇಲೆ ನಿಲ್ಲಿಸಿದರಂತೆ. ತೂಕ ನೋಡಿದರೆ ಮಿತಿಯೊಳಗೇ ಇತ್ತು.

‘ಅವತ್ತು ನಿದ್ದೇನೇ ಬರ್ಲಿಲ್ಲ’ ಎಂದು ನೆನೆಯುತ್ತಾರೆ ಭಾನುಮತಿ. ‘ತೂಕ ಸರಿ ಇದೆ, ಆದ್ರೂ ಬಿತ್ತು. ಹೆಂಗೆ? ಅದನ್ನ ತಿಳ್ಕೊಳ್ದೆ ಬಿಡಬಾರ್ದು ಅನ್ನಿಸ್ತು.’

ಉತ್ತರ ಹುಡುಕುತ್ತ ಡೋನಲ್ ಬಳಿಗೆ ಹೋಗಿ ಬಂದು ಮಾಡಿದವರು, ಕೊನೆಗೆ ಕೆಲಸವನ್ನೇ ಕೇಳಿದರು. ಉತ್ತರವಿದ್ದದ್ದು ಮೂತಿಯಲ್ಲಿ: ಭಾರವೆಲ್ಲ ಹಿಂತುದಿಗೆ ಬಿದ್ದರೆ ಮೂತಿ ಹಗುರಾಗಿ ಮೇಲೇಳುತ್ತದೆ, ಆಗ ಒಟ್ಟು ತೂಕ ಸರಿಯಿದ್ದರೂ ಕ್ಯಾರವಾನು ಬಾಲ ಅಲ್ಲಾಡಿಸುತ್ತದೆ. ಆಗ ಶನಿವಾರ ಯಾರ್ಡಿಗೆ ಬೀಗ. ಬೀಗ ತೆಗೆಸಿದ್ದು ಈಕೆ. ಈಗ ಡೋನಲ್ ತಮ್ಮ ಗಿರಾಕಿಗಳಿಗೆಲ್ಲ, ತಮ್ಮ ಐರಿಷ್ ನಾಲಿಗೆಯಲ್ಲಿ ‘ಬಾನು’ ಹೂಂ ಅಂದರೆ ಮಾತ್ರ ಹೊರಡಿ ಎಂದು ಹೇಳಿ ಕಳಿಸುತ್ತಾರೆ. ಇಲ್ಲಿಂದ ಮೂತಿ ಸರಿಮಾಡಿಸಿಕೊಂಡು ಹೋದವರು ಊರೂರಿನ ಕಡಲತೀರಗಳಿಂದ ಕಳಿಸಿದ ಫೋಟೋಗಳು ಕ್ಯಾಬಿನ್ನಿನ ಗೋಡೆ ತುಂಬ ಇವೆ. ನೋಡಿ ನನಗೇ ಹೆಮ್ಮೆಯಾಯಿತು.

ಆ ಗೋಡೆಯ ಮೇಲೆ ಭಾನುಮತಿಯವರದೇ ಒಂದು ಫೋಟೋ ಇಲ್ಲ. ಅಂದಿನಿಂದ ಆ ಮನೆಯವರು ಕ್ಯಾರವಾನ್ ಹತ್ತಿಲ್ಲ. ಶ್ರೀರಾಮ ಇನ್ನು ಎಳೆಯುವುದಿಲ್ಲ ಎಂದು ಕೈಮುಗಿದರು. ಭಾನುಮತಿ ಟ್ರೇಲರ್ ಎಳೆಯುವ ಪ್ರತ್ಯೇಕ ಲೈಸೆನ್ಸಿಗೆ ಕೂತು, ಒಮ್ಮೆ ಫೇಲಾಗಿ, ಮತ್ತೆ ಕೂತು ಪಾಸಾದರು. ರಿಪೇರಿಯಾದ ಕ್ಯಾರವಾನು ಮನೆಯ ಪಕ್ಕದಲ್ಲಿ ನಿಂತೇ ಇತ್ತು. ಈ ವರ್ಷ ಚನ್ನಮ್ಮ ಮತ್ತೆ ಬಂದಿದ್ದಾರೆ, ಮುಂದಿನ ವಾರ ವಾಪಸು. ಆ ಡಬ್ಬ ಕಟ್ಟಿದ ಗಾಡಿಗೆ ತಾನು ಹತ್ತುವುದಿಲ್ಲ ಎಂದು ಬಂದ ದಿನವೇ ಹೇಳಿದ್ದರು. ಮಗಳು ಕಾಡಿ ಬೇಡಿ ಒಂದು ಒಪ್ಪಂದಕ್ಕೆ ತಂದಿದ್ದಾರೆ: ಇವತ್ತು ಎಲ್ಲರಿಗಿಂತ ಮೊದಲು ತಮ್ಮದೇ ಗಾಡಿ ತೂಗುವುದು, ಚನ್ನಮ್ಮ ನಿಂತು ನೋಡುವುದು, ಮನಸ್ಸಿಗೆ ಬಂದರೆ ಹತ್ತುವುದು. ತಾಯಿ ಬರದಿದ್ದರೆ ತಾನೂ ಹೋಗುವುದಿಲ್ಲ ಎಂದು ಭಾನುಮತಿ ನನಗೆ ಮೆಲ್ಲಗೆ ಹೇಳುತ್ತಾರೆ.

ಚನ್ನಮ್ಮನವರನ್ನು ಒಪ್ಪಿಸುವುದು ಸುಲಭವಲ್ಲ. ಮೈಸೂರಿನಲ್ಲಿ ಬಹಳ ಕಾಲ ಸೌದೆ ಡಿಪೋ ನಡೆಸಿದವರು, ಆಳೆತ್ತರದ ತಕ್ಕಡಿಯಲ್ಲಿ ಊರಿಗೆಲ್ಲ ಸೌದೆ ತೂಗಿದವರು. ಯಂತ್ರ ತೋರಿಸುವ ಕೆಂಪು ಅಂಕಿಯನ್ನು ಅವರು ನೋಡುವ ರೀತಿ ನೋಡಿದರೆ, ಯಂತ್ರವೇ ಕೊಂಚ ಹಿಂಜರಿಯಬೇಕು.

ಭಾನುಮತಿ ಪಿಕಪ್ಪನ್ನೂ ಕ್ಯಾರವಾನನ್ನೂ ಪ್ಲೇಟಿನ ಮೇಲೆ ತಂದು ನಿಲ್ಲಿಸುತ್ತಾರೆ. ಒಟ್ಟು ತೂಕ ಮಿತಿಯೊಳಗಿದೆ. ಮಗಳು ಚಿತ್ರಾ ಅಪ್ಪಟ ಕಾರ್ಕ್ ರಾಗದಲ್ಲಿ ‘ಇಟ್ಸ್ ಗ್ರ್ಯಾಂಡ್, ಅಜ್ಜಿ’ ಎನ್ನುತ್ತಾಳೆ. ಭಾನುಮತಿಯ ಮುಖದಲ್ಲಿ ಮಾತ್ರ ಗ್ರ್ಯಾಂಡ್ ಕಾಣುವುದಿಲ್ಲ. ಬಿಚ್ಚಿ ಬೇರೆಯಾಗಿ ತೂಗುತ್ತಾರೆ, ಮೂತಿಯನ್ನು ಗೇಜಿನ ಮೇಲೆ ಇಳಿಸುತ್ತಾರೆ. ನಿನ್ನೆ ಸಂಜೆ ಮನೆಯಲ್ಲಿ ಎಂಬತ್ತು ಕಿಲೋ ತೋರಿಸಿದ್ದು ಈಗ ಐವತ್ತೈದಕ್ಕೆ ಇಳಿದಿದೆ. ಶ್ರೀರಾಮರ ಮುಖ ಬಿಳಿಚಿಕೊಳ್ಳುತ್ತದೆ. ಭಾನುಮತಿ ಎದ್ದು ನಿಂತು, ಗಂಡನನ್ನೂ ಮಗಳನ್ನೂ ದಾಟಿ, ನೇರವಾಗಿ ತಾಯಿಯ ಕಡೆ ತಿರುಗುತ್ತಾರೆ.

‘ಅಮ್ಮಾ, ಹಿಂದೆ ಏನಿಟ್ಟೆ?’

ಚನ್ನಮ್ಮ ಶಾಲು ಸರಿಮಾಡಿಕೊಳ್ಳುತ್ತಾರೆ. ಆಕಾಶ ನೋಡುತ್ತಾರೆ. ‘ಗ್ರೈಂಡರ್ ಇಟ್ಟೆ’ ಎನ್ನುತ್ತಾರೆ ಕೊನೆಗೆ. ‘ಅಕ್ಕೀನೂ ಇಟ್ಟೆ. ಅಳಿಯಂದ್ರ ಕೈಲೇ ಎತ್ತಿಸ್ದೆ. ನಿಂಗೆ ಗೊತ್ತಾಗತ್ತೋ ಇಲ್ವೋ ನೋಡೋಣ ಅಂತ.’

ಶ್ರೀರಾಮ ಅಪರಾಧಿಯಂತೆ ಬೂಟು ನೋಡುತ್ತ ನಿಂತಿದ್ದಾರೆ. ಅತ್ತೆಯ ಮಾತು ಮೀರುವ ಧೈರ್ಯ ಯಾವ ಮೈಸೂರಿನ ಅಳಿಯನಿಗಿದೆ? ನನಗೆ ನಗು ತಡೆಯಲಾಗಲಿಲ್ಲ, ಡೋನಲ್ಲರಿಗೆ ವಿಷಯ ತಿಳಿದ ಮೇಲೆ ಅವರಿಗೂ ತಡೆಯಲಾಗಲಿಲ್ಲ. ಭಾನುಮತಿ ಮಾತ್ರ ನಗದೆ, ಹಿಂದಿನ ಬೀರು ತೆಗೆದು ಗ್ರೈಂಡರನ್ನೂ ಅಕ್ಕಿಯನ್ನೂ ಹೊರಗಿಳಿಸಿ, ಕ್ಯಾರವಾನಿನ ನಡುವೆ, ಚಕ್ರಗಳ ನೇರಕ್ಕೆ ನೆಲದ ಮೇಲಿಟ್ಟು ಬೆಲ್ಟು ಬಿಗಿಯುತ್ತಾರೆ. ಒಂದನ್ನೂ ಮನೆಗೆ ವಾಪಸು ಕಳಿಸುವುದಿಲ್ಲ. ಮೂತಿ ಮತ್ತೆ ಗೇಜಿನ ಮೇಲೆ ಇಳಿಯುತ್ತದೆ.

ಎಂಬತ್ತು.

ಚನ್ನಮ್ಮ ಹತ್ತಿರ ಬಂದು, ಬಗ್ಗಿ, ಕನ್ನಡಕ ಏರಿಸಿ ನೋಡುತ್ತಾರೆ. ಮತ್ತೊಮ್ಮೆ ನೋಡುತ್ತಾರೆ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಹೋಗಿ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಶ್ರೀರಾಮ ಸದ್ದಿಲ್ಲದೆ ಹಿಂದೆ ಹತ್ತುತ್ತಾರೆ.

ಇವತ್ತಿನ ಉಳಿದ ಸಾಲನ್ನು ಡೋನಲ್ ನೋಡಿಕೊಳ್ಳುತ್ತಾರೆ. ಗೇಟಿನಾಚೆ ಕಾಯುತ್ತಿರುವ ಕ್ಯಾರವಾನುಗಳವರು ಸುದ್ದಿ ತಿಳಿದು ಹಾರ್ನ್ ಹೊಡೆಯುತ್ತಿದ್ದಾರೆ. ಚಿತ್ರಾ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಲು ಹೋದರೆ ಭಾನುಮತಿ ತಡೆಯುತ್ತಾರೆ. ಗಾಡಿ ಪ್ಲೇಟಿನಿಂದ ಇಳಿದ ಮೇಲೆ ಇಡಬೇಕು, ಪ್ಲೇಟು ಕೊಳೆಯಾಗಬಾರದು. ಇಳಿಸಿ, ಇಟ್ಟು, ಸೀಟಿಗೇರಿ ಬೆಲ್ಟು ಹಾಕಿಕೊಳ್ಳುತ್ತಾರೆ. ಭಯವಿಲ್ಲವೇ ಎಂದು ಕಿಟಕಿಯ ಬಳಿ ನಿಂತು ಕೇಳುತ್ತೇನೆ. ಅವರು ಉತ್ತರಿಸುವ ಮೊದಲೇ ಪಕ್ಕದ ಸೀಟಿನಿಂದ ಚನ್ನಮ್ಮ ನನ್ನ ಕಡೆ ಬಾಗುತ್ತಾರೆ.

‘ಬರ್ಕೊಳಪ್ಪ’ ಎನ್ನುತ್ತಾರೆ. ‘ಡಿಪೋದಲ್ಲಿ ನಾನು ತೂಗಿದ್ದನ್ನ ಯಾರೂ ಮತ್ತೆ ತೂಗು ಅಂದಿಲ್ಲ. ಇವ್ಳು ತೂಗಿದ್ದನ್ನ ನಾನೂ ಅನ್ನಲ್ಲ.’

ಭಾನುಮತಿ ಕಣ್ಣೊರೆಸಿಕೊಂಡು ಕನ್ನಡಿ ಸರಿಮಾಡುತ್ತಾರೆ. ನಿಂಬೆಹಣ್ಣು ಪಚಕ್ಕೆನ್ನುತ್ತದೆ. ಕ್ಯಾರವಾನು ಗೇಟು ದಾಟಿ, ತಿರುವು ತೆಗೆದುಕೊಂಡು, ಒಂದಿಷ್ಟೂ ಅಲ್ಲಾಡದೆ ಕೆರ್ರಿಯ ರಸ್ತೆಗೆ ಸೇರುತ್ತದೆ.