ಸಿದ್ದಗಂಗಮ್ಮನ ಕಣ್ಣು ಮುಚ್ಚಿದ ಫೋಟೋ

ಹೋದ ವಾರ ಒಂದೊಲೆ ಮಠದಿಂದ ಆಳು ಬಂದಿದ್ದ. ಸಿದ್ದಗಂಗಮ್ಮ ತೀರಿಕೊಂಡರಂತೆ, ನಾನು ಹೋಗಿ ಫೋಟೋ ತೆಗೆಯಬೇಕಂತೆ. ಬರುವುದಿಲ್ಲ ಹೋಗಯ್ಯ ಎಂದೆ. ಅವನು ನನ್ನ ಮುಖವನ್ನೇ ಪಿಳಿಪಿಳಿ ನೋಡಿದ. ಮಧುಗಿರಿಯ ಮಾಲಿಂಗಯ್ಯ ಹೆಣದ ಫೋಟೋಗೆ ಬರುವುದಿಲ್ಲ ಅಂದರೆ ಯಾರು ತಾನೆ ನಂಬುತ್ತಾರೆ? ಇಪ್ಪತ್ತು ವರ್ಷ ನಾನು ಹೊಟ್ಟೆ ಹೊರೆದದ್ದೇ ಅದರಿಂದ. ಆ ತಾಯಿಯ ಫೋಟೋ ನಾನು ಒಂದು ಸಲ ತೆಗೆದಿದ್ದೇನೆ, ಹದಿನಾಲ್ಕು ವರ್ಷದ ಹಿಂದೆ. ಅಷ್ಟೇ ಸಾಕು.

ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಆ ಕಾಲದಲ್ಲಿ ಹಳ್ಳಿಯವರಿಗೆ ಫೋಟೋ ಎಂದರೆ ಅದೊಂದೇ. ಉಸಿರಾಡುತ್ತಿರುವವರೆಗೆ ಯಾರಿಗೂ ನನ್ನ ನೆನಪಿಲ್ಲ, ಉಸಿರು ನಿಂತ ಗಳಿಗೆಗೆ ಆಳು ನನ್ನ ಬಾಗಿಲಲ್ಲಿ. ಕೊರಟಗೆರೆ, ಶಿರಾ, ಪಾವಗಡ, ಎಲ್ಲಿಗೇ ಹೋಗಲಿ, ಕ್ಯಾಮೆರಾದ ಮೂರು ಕಾಲು ಹೆಗಲ ಮೇಲೆ ಕಂಡರೆ ಹೆಂಗಸರು ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಹೆಣದ ಮಾಲಿಂಗ ಎಂದೇ ನನ್ನ ಹೆಸರು. ಕೆಲಸದಲ್ಲಿ ಒಂದು ಸುಖವಿತ್ತು ಅನ್ನಿ: ನನ್ನ ಮುಂದೆ ಕೂತವರು ಒಬ್ಬರೂ ಅಲುಗಾಡಿದವರಲ್ಲ.

ಒಂದೊಲೆ ಮಠ ಇರುವುದು ಕೊರಟಗೆರೆ ದಾರಿಯಲ್ಲಿ, ಬೆಟ್ಟದ ಬುಡಕ್ಕೆ. ಮೂವತ್ತು ಮನೆ, ಒಂದೇ ಒಲೆ. ಸೇರಿದವರು ಹೊಲವನ್ನೆಲ್ಲ ಮಠಕ್ಕೆ ಬಿಟ್ಟುಕೊಡಬೇಕು, ಎಲ್ಲರೂ ದುಡಿಯಬೇಕು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಯಾರ ಮನೆಯಿಂದಲೂ ಹೊಗೆ ಏಳಬಾರದು. ದೊಡ್ಡ ಜ್ವರದ ವರ್ಷ ಗಂಡ ಒಂದೂವರೆ ದಿನದಲ್ಲಿ ಹೋದ ಮೇಲೆ ಸಿದ್ದಗಂಗಮ್ಮ ತಾವರೆಕೆರೆಯಿಂದ ಐದು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲಿಗೆ ಬಂದರು. ಇದ್ದ ಎರಡೆಕರೆ ಮಠಕ್ಕೆ ಹೋಯಿತು. ಮೂರೇ ವರ್ಷದಲ್ಲಿ ಅಡುಗೆಮನೆ ಅವರ ಕೈಗೆ ಬಂತು. ನೂರೈವತ್ತು ಜನಕ್ಕೆ ಎರಡು ಹೊತ್ತು ಮುದ್ದೆ ತೊಳಸುವುದೆಂದರೆ ಹುಡುಗಾಟವೇ? ದನಿ ಕೇಳಿದರೆ ಗಂಡಸರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಮಗಳು ಶಿವರುದ್ರಮ್ಮನನ್ನು ಪಾವಗಡದಾಚೆಯ ಜಾಲಿರೊಪ್ಪಕ್ಕೆ ಕೊಟ್ಟ ದಿನ ಒಂದು ಬಿಟ್ಟರೆ, ಆಕೆ ಒಲೆ ಬಿಟ್ಟು ಆಚೆ ಹೋದದ್ದೇ ಇಲ್ಲ.

ಮೂವತ್ತೆರಡನೇ ಇಸವಿಯಲ್ಲಿ ಮಠದ ಸ್ವಾಮಿಗಳು ನನ್ನನ್ನು ಕರೆಸಿದರು. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕಳಿಸಲು ಮಠದ ದಿನದಿನದ ಬದುಕಿನ ಫೋಟೋ ಬೇಕಂತೆ. ಬೀಸುವುದು, ನೂಲುವುದು, ನೀರು ಸೇದುವುದು, ಉಣ್ಣುವುದು. ಇದೇನು ಹುಚ್ಚು ಅಂದುಕೊಂಡೆ. ಮಠದವರಿಗಂತೂ ನಡುಕ ಹತ್ತಿಕೊಂಡಿತು. ಕ್ಯಾಮೆರಾದ ಮುಂದೆ ಕೂತರೆ ಮುಂದಿನ ಸೋಮವಾರ ಕಾಣುವುದಿಲ್ಲ ಎಂದು ನೂಲುವವರು ರಾಟೆ ಬಿಟ್ಟು ಎದ್ದುಹೋದರು. ಮುದುಕನೊಬ್ಬ ನನ್ನ ಕಡೆ ನೋಡದೆ ಲಿಂಗ ಹಿಡಿದುಕೊಂಡು ಕೂತ. ಕೊನೆಗೆ ಸಿದ್ದಗಂಗಮ್ಮನೇ ಕೈ ಒರಸಿಕೊಳ್ಳುತ್ತ ಬಂದು, ಮೊದಲು ನನ್ನದು ತೆಗಿ, ಆಮೇಲೆ ಇವರನ್ನು ಒಬ್ಬೊಬ್ಬರನ್ನಾಗಿ ನಾನು ಎಳೆದು ತರುತ್ತೇನೆ ಅಂದರು.

ಅಡುಗೆಮನೆ ಕತ್ತಲು. ಆಕೆಯನ್ನು ಅಂಗಳಕ್ಕೆ ಕರೆದೆ. ಬದುಕಿರುವವರನ್ನು ಹೇಗೆ ಕೂರಿಸಬೇಕೆಂದು ನನಗೆ ಗೊತ್ತೇ ಇರಲಿಲ್ಲ, ನಿಜ ಹೇಳುತ್ತೇನೆ. ನನ್ನ ಕೈ ತನಗೆ ಗೊತ್ತಿದ್ದುದನ್ನು ಮಾಡಿತು. ಮಣೆ ಹಾಕಿದೆ, ಗೋಡೆಗೆ ಒರಗಿಸಿದೆ, ಗದ್ದ ಸ್ವಲ್ಪ ಮೇಲೆತ್ತಿದೆ, ಎರಡೂ ಅಂಗೈ ತೊಡೆಯ ಮೇಲಿಟ್ಟೆ. ಬಿಳಿ ಸೀರೆ, ಹಣೆ ತುಂಬ ವಿಭೂತಿ. ಬಿಸಿಲು ಮುಖಕ್ಕೆ ಹೊಡೆದು ಆಕೆ ಕಣ್ಣು ಮುಚ್ಚಿಬಿಟ್ಟರು. ಅದು ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ನನ್ನ ಗಿರಾಕಿಗಳ ಕಣ್ಣು ಯಾವತ್ತು ತೆರೆದಿತ್ತು?

ಮಾತಿನ ನಡುವೆ ಆಕೆ, ಮಗಳನ್ನು ನೋಡಿ ಒಂದೂವರೆ ವರ್ಷವಾಯಿತು ಅಂದಿದ್ದರು. ಅಳಿಯ ಗಂಗಾಧರಯ್ಯನ ಹೆಸರನ್ನೂ ಹೇಳಿದ್ದರು. ನನಗೆ ಒಳ್ಳೆಯತನ ಉಕ್ಕಿ ಬಂತು. ಮಧುಗಿರಿಗೆ ಹೋಗಿ ತೊಳೆದು ಒಣಗಿಸಿ, ಒಂದು ಪ್ರತಿ ಹೆಚ್ಚಿಗೆ ತೆಗೆದು ಕವರಿನಲ್ಲಿಟ್ಟು, ವಿಳಾಸ ಬರೆದು ಸೋಮವಾರ ಅಂಚೆಗೆ ಹಾಕಿದೆ. ಒಳಗೆ ಎರಡು ಸಾಲು ಗೀಚಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಫೋಟೋವೇ ಇದೆಯಲ್ಲ, ಇನ್ನು ಬರೆಯುವುದೇನು ಅಂದುಕೊಂಡೆ. ನನ್ನಂಥ ದಡ್ಡ ನಾಲ್ಕು ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ.

ಬುಧವಾರ ಮಠಕ್ಕೆ ಹೋಗಿ ಆಕೆಯ ಕೈಗೆ ಫೋಟೋ ಕೊಟ್ಟು, ಮಗಳಿಗೂ ಒಂದು ಕಳಿಸಿದ್ದೇನೆ ತಾಯಿ ಎಂದು ಹಲ್ಲು ಕಿರಿದೆ. ಆಕೆ ತುಂಬ ಹೊತ್ತು ನೋಡಿದರು.

“ಇದ್ರಾಗೆ ನಾನು ಸತ್ತೋಗಿದ್ದೀನಲ್ಲಪ್ಪ,” ಅಂದರು.

ಹೌದಲ್ಲ. ನಾನು ತೆಗೆದ ನೂರಾರು ಫೋಟೋಗಳಲ್ಲಿ ಇದೂ ಒಂದು, ಕೂದಲೆಳೆಯಷ್ಟೂ ಬೇರೆಯಿಲ್ಲ.

ಆಕೆ ಗೋಡೆ ಹಿಡಿದುಕೊಂಡು ಕೂತರು. ಶಿವರುದ್ರಮ್ಮ ಏಳು ತಿಂಗಳ ಬಸುರಿ. ಮೊದಲನೆಯ ಬಸುರು, ಗೂಳಿ ಅಟ್ಟಿಸಿಕೊಂಡು ಬಂದು ಹೆದರಿ, ಇಳಿದುಹೋಗಿತ್ತು. ಎರಡನೆಯದು, ಮಾವ ಸತ್ತ ಸುದ್ದಿಯನ್ನು ಯಾರೋ ಇದ್ದಕ್ಕಿದ್ದಂತೆ ಬಾಯಿಬಿಟ್ಟು ಹೇಳಿ ಹೋಗಿತ್ತು. ಈಗ ತಾಯಿಯ ಹೆಣದ ಫೋಟೋ ಅಂಚೆಯಲ್ಲಿ ಹೋಗುತ್ತಿದೆ. ಜಾಲಿರೊಪ್ಪಕ್ಕೆ ಅಂಚೆಯವನು ಹೋಗುವುದು ಗುರುವಾರ ಮಾತ್ರ. ಅಂದರೆ ನಾಳೆ.

ಸಿದ್ದಗಂಗಮ್ಮ ಸೌಟು ಕೆಳಗಿಟ್ಟು ಹೊರಟರು. ಕಣಜ ನೋಡಿಕೊಳ್ಳುತ್ತಿದ್ದ ತಿಮ್ಮರಾಯಪ್ಪ ಅಡ್ಡ ಬಂದು, ಸ್ವಾಮಿಗಳ ಅಪ್ಪಣೆಯಿಲ್ಲದೆ ಹೋದರೆ ಹೇಗೆ, ನೂರೈವತ್ತು ಜನ ಏನು ಉಣ್ಣಬೇಕು ಅಂದ.

“ಒಂದಿನ ಹಸ್ಕೊಂಡಿರ್ರಿ. ಯಾರೂ ಸಾಯಲ್ಲ,” ಅಂದರು ಆಕೆ. ಹಿಂದಿರುಗಿ ನೋಡಲಿಲ್ಲ.

ಮಧುಗಿರಿ ತಲುಪುವಷ್ಟರಲ್ಲಿ ಹೊತ್ತು ಮುಳುಗಿತ್ತು. ಪಾವಗಡದ ಮೋಟಾರು ಬೆಳಿಗ್ಗೆಯೇ. ನನ್ನ ಮನೆಯಲ್ಲಿ ಉಳಿದರು, ಒಂದು ತುತ್ತು ಮುಟ್ಟಲಿಲ್ಲ. ಬೆಳಿಗ್ಗೆ ಮೋಟಾರು ಮಿಡಿಗೇಶಿಯ ಹತ್ತಿರ ಟೈರು ಒಡೆದು ನಿಂತಿತು. ಡ್ರೈವರು ಬೀಡಿ ಹಚ್ಚಿಕೊಂಡು ಕೂತ. ಆಕೆ ಮೋಟಾರಿನ ಸುತ್ತ ಸುತ್ತಿದರು. ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪಾವಗಡ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲೆ. ಅಲ್ಲಿಂದ ಆರು ಮೈಲಿ ನಡಿಗೆ. ಊರಾಚೆ ಕುರಿ ಕಾಯುತ್ತಿದ್ದವನನ್ನು ಅಂಚೆಯವನು ಹೋದನೇ ಎಂದು ಕೇಳಿದೆ. “ಪೊದ್ದುನ್ನೇ ಹೋದ್ನಲ್ಲಯ್ಯಾ,” ಅಂದ. ಬೆಳಿಗ್ಗೆಯೇ. ಸಿದ್ದಗಂಗಮ್ಮ ಅದನ್ನು ಕೇಳಿಸಿಕೊಂಡು ಸೆರಗು ಸೊಂಟಕ್ಕೆ ಬಿಗಿದು ಓಡತೊಡಗಿದರು. ನಲವತ್ತು ದಾಟಿದ ಹೆಂಗಸು, ಬರಿಗಾಲು, ಕಾದ ಮರಳು. ಮೂವತ್ತು ತುಂಬದ ನಾನು ಹಿಂದೆ ಏದುಸಿರು ಬಿಡುತ್ತ ಹೋದೆ.

ಊರು ಕಾಣುವ ಮೊದಲೇ ಅಳು ಕೇಳಿಸಿತು. ನಾನು ನಿಂತೆ, ಆಕೆ ನಿಲ್ಲಲಿಲ್ಲ.

ಮನೆಯ ಜಗಲಿಯ ಗೋಡೆಗೆ ಆ ಫೋಟೋ ಒರಗಿಸಿ, ಮುಂದೆ ದೀಪ ಹಚ್ಚಿದ್ದರು. ಹೆಂಗಸರು ಸುತ್ತ ಕೂತಿದ್ದರು. ಒಬ್ಬಳು ತಲೆಯೆತ್ತಿದಳು. ಅದೇ ಬಿಳಿ ಸೀರೆ, ಅದೇ ವಿಭೂತಿ, ಅದೇ ಮುಖ ಅಂಗಳದಲ್ಲಿ ನಿಂತಿದೆ. ಕಿಟಾರನೆ ಕಿರುಚಿ ಎಲ್ಲರೂ ಎದ್ದು ಚದುರಿದರು. ಬೀಗಿತ್ತಿ ಕರಿಬಸಮ್ಮ ಒಳಕ್ಕೆ ಓಡಿ ಬಾಗಿಲು ಹಾಕಿ ಅಗುಳಿ ಜಡಿದಳು. ತಾಯಿ ಮಗಳ ಬಸುರು ಹುಡುಕಿಕೊಂಡು ಬಂದಿದ್ದಾಳೆ, ಬಿಟ್ಟರೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತಾಳೆ ಎಂದು ಒಳಗಿನಿಂದ ಕೂಗು. ಅದರ ನಡುವೆ ಇನ್ನೊಂದು ದನಿ ನರಳುತ್ತಿತ್ತು. ನೋವು ಶುರುವಾಗಿತ್ತು.

ನಾನು ಮುಂದೆ ಹೋಗಿ, ಅಯ್ಯಾ, ಇವರು ಬದುಕಿದ್ದಾರೆ, ಫೋಟೋ ತೆಗೆದವನು ನಾನೇ ಎಂದು ಕೂಗಿಕೊಂಡೆ. ಕೆಟ್ಟೆ. ಆ ಊರಲ್ಲಿ ಅದರ ಹಿಂದಿನ ವರ್ಷ ಕರಿಬಸಮ್ಮನ ಗಂಡನನ್ನೇ ಕೂರಿಸಿ ಫೋಟೋ ತೆಗೆದವನು ನಾನು. ಹೆಣದ ಮಾಲಿಂಗ ಹೆಣವನ್ನೇ ಹಿಂದಿಟ್ಟುಕೊಂಡು ಬಂದಿದ್ದಾನೆ ಎಂದು ಗಂಡಸರು ಕಲ್ಲು ಎತ್ತಿಕೊಂಡರು. ಅಳಿಯ ಗಂಗಾಧರಯ್ಯ ಪೊರಕೆ ಹಿಡಿದು ನಿಂತಿದ್ದ. ಒಂದು ಕಲ್ಲು ಸಿದ್ದಗಂಗಮ್ಮನ ಭುಜಕ್ಕೆ ಬಿತ್ತು. ಆಕೆ ಅದನ್ನು ಸವರಿಕೊಳ್ಳಲೂ ಇಲ್ಲ. ನೇರ ಹೋಗಿ ಬಾಗಿಲಿಗೆ ಎರಡೂ ಅಂಗೈ ಇಟ್ಟರು.

“ಶಿವ್ರುದ್ರಿ, ನಾನು ಕಣವ್ವ. ಏನೂ ಆಗಿಲ್ಲ ನಂಗೆ. ಬಾಗ್ಲು ತೆಗ್ಸು ಮಗ.”

ಒಳಗೆ ಗಲಾಟೆ ನಿಂತಿತು. ಮಂತ್ರಿಸಿದ ಬೂದಿ ತನ್ನಿ ಎಂದು ಕರಿಬಸಮ್ಮ ಯಾರಿಗೋ ಹೇಳುತ್ತಿದ್ದಳು. ನಾನು ಆಗ ಹೆದರಿದಷ್ಟು ಯಾವ ಹೆಣದ ಮುಂದೆಯೂ ಹೆದರಿದವನಲ್ಲ. ಆ ಹುಡುಗಿ ಉತ್ತರ ಕೊಡದಿದ್ದರೆ? ಹೆದರಿ ಅಲ್ಲೇ ಪ್ರಾಣ ಬಿಟ್ಟರೆ? ನಾನೇ ಕೊಂದಂತೆ, ಒಳಗಿನ ಕೂಸನ್ನೂ ಸೇರಿಸಿ.

ಆಮೇಲೆ ಶಿವರುದ್ರಮ್ಮನ ದನಿ ಬಂತು, ನೋವಿನಲ್ಲಿ ಒಡೆದ ದನಿ.

“ಅತ್ತೆ, ಬಾಗ್ಲು ತೆಗೀರಿ. ದೆವ್ವಾದ್ರೂ ಆಗ್ಲಿ, ನಮ್ಮವ್ವ. ಒಳಿಕ್ಕೆ ಬರ್ಲಿ.”

ಕರಿಬಸಮ್ಮ ತೆಗೆಯಲಿಲ್ಲ. ಆ ಹುಡುಗಿಯೇ ತೆವಳಿಕೊಂಡು ಬಂದು ಅಗುಳಿ ಸರಿಸಿದಳು. ಬಾಗಿಲು ಒಂದು ಗೇಣು ಸರಿಯಿತು. ಸಿದ್ದಗಂಗಮ್ಮ ಹೊಸ್ತಿಲಲ್ಲೇ ಕುಕ್ಕರಿಸಿ ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಹತ್ತಿರ ಹೋಗಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ. ಆಕೆಯೇ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು, ಎಡಮಗ್ಗುಲಿಗೆ ಹೊರಳಿಸಿದರು, ಹರಳೆಣ್ಣೆ ಕೇಳಿದರು, ತಡ ಮಾಡಿದ್ದಕ್ಕೆ ಬೀಗಿತ್ತಿಯನ್ನು ಗದರಿಸಿದರು. ಆ ಗದರಿಕೆ ಕೇಳಿದ ಮೇಲೆಯೇ ಗಂಗಾಧರಯ್ಯ ಪೊರಕೆ ಕೆಳಗಿಟ್ಟದ್ದು.

ನೋವು ಸಂಜೆಗೆ ಇಳಿಯಿತು. ಮಗು ಹುಟ್ಟಿದ್ದು ಇನ್ನೆರಡು ತಿಂಗಳಿಗೆ, ದಿನ ತುಂಬಿ, ಹೆಣ್ಣು. ಅದು ಆಮೇಲಿನ ಮಾತು. ಆ ಸಂಜೆ ನಾನು ಹೋಗಿ ಬರುತ್ತೇನೆಂದು ಹೇಳಲು ಜಗಲಿಯ ಹತ್ತಿರ ಹೋದೆ. ಫೋಟೋವನ್ನು ಯಾರೋ ತೆಗೆದಿಟ್ಟಿದ್ದರು. ಊರವರಿಗೆಲ್ಲ ಅಷ್ಟರಲ್ಲಿ ನಂಬಿಕೆ ಬಂದಿತ್ತು, ಕೆಲವರು ನಗುತ್ತಲೂ ಇದ್ದರು. ಒಳಗೆ ಶಿವರುದ್ರಮ್ಮ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಮುಖವನ್ನೇ ನೋಡುತ್ತ ಮಲಗಿದ್ದಳು. ತಾಯಿ ಸತ್ತೇ ಇಲ್ಲವೆಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲವೋ, ಹೇಳಿದ್ದು ತಲೆಗೆ ಹೋಗಿರಲಿಲ್ಲವೋ.

“ಅವ್ವ, ಹೊತ್ತು ಮುಳುಗಿದ್ಮೇಲೂ ಇರ್ತೀಯಾ?” ಅಂತ ಕೇಳಿದಳು.