ಗುಂಡುಬೆಟ್ಟದ ದೊಣೆಯೂ ನಮ್ಮೆಜಮಾನ್ರ ಬುರುಡೆಯೂ

ಹೋದ ಭಾನುವಾರ ನಾನು ಒಂದು ಬೆಟ್ಟದ ತುಂಬ ಹೊಸ ದೇವರುಗಳನ್ನ ಹುಟ್ಟಿಸಿ ಬಂದೆ.

ನಗಬೇಡಿ. ಬೇಕಂತ ಮಾಡಿದ್ದಲ್ಲ. ನಮ್ಮೂರ ಹೆಂಗಸರು ಈಗ ಆ ದೇವರುಗಳಿಗೆ ಅರಿಶಿನ ಕುಂಕುಮ ಇಡ್ತಾ ಇದ್ದಾರೆ. ನನ್ನ ಮೊಮ್ಮಗಳು ಸೌಮ್ಯ ತಲೆ ಚಚ್ಚಿಕೊಳ್ತಾ ಇದ್ದಾಳೆ. ನಾನು ಮಾತ್ರ ವಾರವೆಲ್ಲ ಒಬ್ಬಳೇ ನಗ್ತಾ ಓಡಾಡ್ತಾ ಇದ್ದೀನಿ. ಒಲೆ ಮೇಲೆ ಹಾಲು ಉಕ್ಕಿ ಹೋದರೂ ನಗು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳೋವಾಗಲೂ ನಗು. ಯಾಕೆ ಅಂತ ಮೊದಲಿಂದ ಹೇಳ್ತೀನಿ, ಕೇಳಿ.

ನಮ್ಮೂರು ಹೊಸೂರು ಕಡೆ, ರಾಯಕೋಟೆ ಪಕ್ಕ; ಕನ್ನಡ, ತಮಿಳು, ತೆಲುಗು ಮೂರೂ ಆಡೋ ಸೀಮೆ. ಹಿತ್ತಲ ಬಾಗಿಲು ತೆಗೆದರೆ ಎದುರಿಗೇ ಗುಂಡುಬೆಟ್ಟ. ಮದುವೆಯಾಗಿ ಬಂದಾಗಿನಿಂದ ದಿನಾ ನೋಡ್ತಾ ಇದ್ದೀನಿ. ಹತ್ತಿದ್ದೀನಾ? ಅರ್ಧದವರೆಗೆ ಮಾತ್ರ. ಅಲ್ಲಿ ದಾರಿ ಪಕ್ಕ ಸೊಪ್ಪಮ್ಮ ಇದ್ದಾಳೆ. ಗುಡಿಗಿಡಿ ಏನಿಲ್ಲ, ಒಂದು ಕಲ್ಲುಗುಡ್ಡೆ. ದಾರೀಲಿ ಹೋಗೋರು ಒಂದು ಹಸಿರು ಸೊಪ್ಪು ಮುರಿದು ಅದರ ಮೇಲೆ ಹಾಕಬೇಕು. ಅಷ್ಟೇ ಪೂಜೆ. ನಾವು ಹೆಂಗಸರು ಸೌದೆಗೋ ಸೀತಾಫಲಕ್ಕೋ ಅಲ್ಲಿವರೆಗೆ ಹೋಗೋದು, ಸೊಪ್ಪು ಹಾಕೋದು, ವಾಪಸ್ ಬರೋದು. ಅದರಿಂದ ಮೇಲೆ ಹೋಗಬಾರದು ಅಂತ ಹೇಳಿದೋರು ಯಾರು? ಯಾರೂ ಇಲ್ಲ. ನಮ್ಮತ್ತೆ ಅಲ್ಲಿಂದ ತಿರುಗ್ತಿದ್ದರು, ನಾನೂ ತಿರುಗಿದೆ.

ಮೇಲೇನಿದೆ ಅನ್ನೋದೆಲ್ಲ ನಮ್ಮೆಜಮಾನ್ರು ಹೇಳಿದ್ದು. ಹುಡುಗನಾಗಿದ್ದಾಗ ಅಲ್ಲಿ ಮೇಕೆ ಮೇಯಿಸಿದೋರು. ನೆತ್ತಿ ಮೇಲೊಂದು ದೊಣೆ ಇದೆಯಂತೆ. (ಬಂಡೆಯೊಳಗೆ ತಾನಾಗೇ ಆದ ನೀರಿನ ಗುಂಡಿ. ಪೇಟೆಯೋರಿಗೆ ಹೇಳ್ತಾ ಇದ್ದೀನಿ.) ಎಂಥ ಬೇಸಿಗೇಲೂ ಬತ್ತೋದಿಲ್ಲವಂತೆ. ನೀರು ಐಸ್ ಥರ ತಣ್ಣಗಂತೆ.

ನಾನು ನಂಬ್ತೀನಾ? ಇದೇ ಮನುಷ್ಯ ಹೇಳೋ ಇನ್ನೊಂದು ಕತೆ ಕೇಳಿ. ಜವಳಗಿರಿ ಕಾಡಲ್ಲಿ ಆನೆ ಅಡ್ಡ ಬಂತಂತೆ. ಇವರು ಕನ್ನಡದಲ್ಲಿ ಗದರಿದರಂತೆ, ಅಲ್ಲಾಡಲಿಲ್ಲವಂತೆ. ತಮಿಳಲ್ಲಿ ಗದರಿದರಂತೆ, ಬರೀ ಕಿವಿ ಆಡಿಸ್ತಂತೆ. ತೆಲುಗಲ್ಲಿ ಒಂದೇ ಒಂದು ಮಾತು ಅಂದರಂತೆ, ತಲೆ ತಗ್ಗಿಸಿ ಹೊರಟೇ ಹೋಯ್ತಂತೆ! ಅಂಥವರ ಬಾಯಿಂದ ಬಂದ ದೊಣೆ. "ಬಂಡೆ ಮೇಲೆ ನೀರಾ? ಬುರುಡೆ" ಅಂತ ಹೊಸ ಸೊಸೆಯಾಗಿದ್ದಾಗಲೇ ತೀರ್ಪು ಕೊಟ್ಟುಬಿಟ್ಟೆ. ನನ್ನಿಂದ ಮಕ್ಕಳು ಕಲಿತರು, ಮಕ್ಕಳಿಂದ ಮೊಮ್ಮಕ್ಕಳು. ನಮ್ಮನೇಲಿ ಯಾರು ಸುಳ್ಳು ಹೇಳಿದರೂ ಅದಕ್ಕೆ "ತಾತನ ದೊಣೆ" ಅಂತಲೇ ಹೆಸರು.

ಈಗ ಸೌಮ್ಯಳ ಕಡೆ ಬನ್ನಿ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಹೊಸ ಮಷಿನ್ ಟ್ರೈನಿಂಗ್ ಅಂತ ಇಟಲಿಗೆ ಕಳಿಸಿದ್ದರು. ವಾಪಸ್ ಬಂದವಳ ಬಾಯಲ್ಲಿ ಮಷಿನ್ ಸುದ್ದಿಯೇ ಇಲ್ಲ, ಬರೀ ಬೆಟ್ಟದ ಸುದ್ದಿ. ಕೆಳಗೆ ನೀಲಿ ಸಮುದ್ರವಂತೆ, ಮೇಲೆ ಬೆಟ್ಟವಂತೆ, ನಡುವೆ ಕಾಲುದಾರಿಯಂತೆ. ಸಂಡೇ ಬಂತು ಅಂದರೆ ಮುದುಕ ಮುದುಕೀರೆಲ್ಲ ಕೋಲು ಹಿಡಿದು ಹೊರಟರಂತೆ.

"ಅಜ್ಜಿ, ಅಲ್ಲೊಂದು ತೂತು ಬಂಡೆ ಅದೆ. ಅದುಕ್ಕೂ ಬೋರ್ಡ್ ಹಾಕವ್ರೆ! ಜನ ಬಸ್ ಮಾಡ್ಕೊಂಡ್ ಬತ್ತಾರೆ."

"ತೂತು ಬಂಡೆ ನೋಡೋಕೆ ಬಸ್ಸಾ? ಇಲ್ಲಿಗೆ ಬರಕ್ಕೇಳು, ಬೇಕಾದಷ್ಟು ತೋರುಸ್ತೀನಿ."

"ಏನ್ ತೋರುಸ್ತೀಯ? ನೀನೇ ನಮ್ ಬೆಟ್ಟ ಪೂರ್ತಿ ನೋಡಿಲ್ವಲ್ಲ!"

ಸಿಕ್ಕಿಬಿದ್ದೆ.

ಅಷ್ಟರಲ್ಲಿ ಜಗಲಿ ಮೇಲಿಂದ ನಮ್ಮೆಜಮಾನ್ರು ಮೆಲ್ಲಗೆ ಅಂದರು: "ಬಿಡವ್ವ ಸೌಮ್ಯ. ಪಕ್ಕದ್ ಬೆಟ್ಟಾನೇ ಗ್ರಾನೈಟ್‌ನೋರು ಕೇಕ್ ಕುಯ್ದಂಗೆ ಕುಯ್ದವ್ರೆ. ಇನ್ನು ನಮ್ ದೊಣೆ... ನಿಜವಾಗ್ಲೂ ಇತ್ತೋ, ಇಲ್ಲ ನಾನೇ ಕನಸು ಕಂಡಿದ್ನೋ."

ಈ ಮನುಷ್ಯ ಯಾವತ್ತೂ ಬುರುಡೆ ವಾಪಸ್ ತಗೊಂಡವರಲ್ಲ! ಇವರಿಗೆ ಮಂಡಿ ಹೋಗಿ ಬೆಟ್ಟ ಹತ್ತೋಕೆ ಆಗದೆ ಎಷ್ಟೋ ಕಾಲವಾಯ್ತು. ಈಗ ತನ್ನ ದೊಣೆ ಮೇಲೆ ತನಗೇ ಅನುಮಾನ ಅಂದರೆ? ನಾವೆಲ್ಲ ಸೇರಿ ನಕ್ಕು ನಕ್ಕು ಇವರ ಬಾಲ್ಯವನ್ನೇ ಕಿತ್ಕೊಂಡುಬಿಟ್ವಾ?

"ನಡಿಯಮ್ಮಿ, ಭಾನುವಾರ ಹೋಗಿ ನೋಡೇಬುಡಾನ" ಅಂದೆ. "ನೀರಿದ್ರೆ ಬಾಟ್ಲೀಲಿ ತತ್ತೀನಿ."

"ಇಲ್ದಿದ್ರೆ?" ಅಂದರು ಯಜಮಾನ್ರು.

"ಇಲ್ದಿದ್ರೆ ಸಾಯೋಗಂಟ ನಿಮ್ ಬಾಯಿಗೆ ಬೀಗ." (ಗಂಡನ ಮುಂದೆ ತೀರಾ ಮೆತ್ತಗಾಗಬಾರದು ನೋಡಿ.)

ಭಾನುವಾರ ಬೆಳಗ್ಗೆ ಸೌಮ್ಯಳ ಹಳೇ ಶೂ ಹಾಕ್ಕೊಂಡು, ಸೀರೆ ಎತ್ತಿ ಸಿಕ್ಕಿಸ್ಕೊಂಡು ಹೊರಟೆ. ಸೊಪ್ಪಮ್ಮನ ಹತ್ತಿರ ಕಾಲು ತಾನಾಗೇ ನಿಂತುಬಿಡ್ತು. ಸೊಪ್ಪು ಹಾಕಿ, "ಅಮ್ಮ, ಇವತ್ತೊಂದಿನ ಮೇಲಕ್ಕೆ ಹೋಗ್ಬುಟ್ಟು ಬತ್ತೀನಿ" ಅಂತ ಪರ್ಮಿಶನ್ ಕೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಹೊಸ ದಾರಿಗೆ ಕಾಲಿಟ್ಟೆ. ಅಯ್ಯೋ, ಆ ಖುಷಿ ಹೆಂಗೆ ಹೇಳಲಿ! ಸ್ಕೂಲಿಗೆ ಚಕ್ಕರ್ ಹಾಕಿದಂಗೆ!

ಸೌಮ್ಯ ಲಂಟಾನ ಪೊದೆ ಮರೇಲಿ ಮುಂದೆ ಹೋಗಿಬಿಟ್ಟಿದ್ದಳು. ನಾನು ಏದುಸಿರು ಬಿಡ್ತಾ ಹಿಂದೆ. ಸ್ವಲ್ಪ ದೂರ ಹೋದೆ, ಅಲ್ಲೊಂದು ಪುಟ್ಟ ಕಲ್ಲುಗುಡ್ಡೆ. ಓಹೋ, ಸೊಪ್ಪಮ್ಮನ ತಂಗಿ! ಸೊಪ್ಪು ಹಾಕಿ ಕೈ ಮುಗಿದೆ. ತಿರುವಿನಲ್ಲಿ ಇನ್ನೊಂದು. ಇವಳು ಇನ್ನೂ ಚಿಕ್ಕ ತಂಗಿ. ಬಂಡೆ ಮೇಲೆ ಮತ್ತೊಂದು. ಎಷ್ಟು ದೊಡ್ಡ ಕುಟುಂಬ! ಇಷ್ಟು ಕಾಲ ಇವರನ್ನೆಲ್ಲ ಮಾತಾಡಿಸದೆ ಅಕ್ಕನ ಹತ್ತಿರದಿಂದಲೇ ವಾಪಸ್ ಹೋಗಿದ್ದೀನಲ್ಲ ಅಂತ ನಾಚಿಕೆಯಾಗಿ, ಕೊನೆಯವಳಿಗೆ ಮಡಿಲಲ್ಲಿದ್ದ ಕೋಡುಬಳೆನೂ ಇಟ್ಟೆ.

ಸೌಮ್ಯ ತಿರುಗಿ ನೋಡಿದಳು. "ಅಜ್ಜಿ! ಏನ್ ಮಾಡ್ತಿದ್ದೀಯ?"

"ಕಣ್ ಕಾಣಲ್ವಾ? ಕೈ ಮುಗಿ."

"ಅಯ್ಯೋ, ಅವೆಲ್ಲ ನಾನೀಗ ಕಟ್ಟಿದ್ದು! ವಾಪಸ್ ಬರೋಕೆ ದಾರಿ ಗುರುತು. ಇಟಲೀಲಿ ಹಿಂಗೇ ಮಾಡ್ತಾರೆ."

"ದಾರಿ ತೋರ್ಸೋದು ದೇವ್ರಲ್ದೆ ಇನ್ನೇನಮ್ಮಿ?" ಅಂದೆ. ಕೋಡುಬಳೆ ಮಾತ್ರ ವಾಪಸ್ ಎತ್ತಿಕೊಂಡೆ.

ನೆತ್ತಿ ಸೇರಿದ್ವಿ. ಗಾಳಿ ಅಂದ್ರೆ ಗಾಳಿ! ಕೆಳಗೆ ಮಾವಿನ ತೋಪುಗಳು ಹಸಿರು ಕಂಬಳಿ ಹಾಸಿದಂಗೆ. ರೈಲೊಂದು ಇರುವೆ ಸಾಲಿನ ಥರ ಹರೀತಾ ಇತ್ತು. ಸಮುದ್ರ ಇಲ್ಲದಿದ್ದರೆ ಹೋಗಲಿ ಬಿಡಿ.

ಆದರೆ ದೊಣೆ ಎಲ್ಲಿ? ಸುತ್ತಿದ್ವಿ. ಕಾದ ಬಂಡೆ, ಒಣಹುಲ್ಲು. ಒಂದು ಗುಂಡಿ ಸಿಕ್ತು. ಬರೀ ಧೂಳು, ಮೇಕೆ ಹಿಕ್ಕೆ. ಸೌಮ್ಯ ನನ್ನ ಮುಖ ನೋಡಿದಳು. ಗೆದ್ದೆ ಅಂತ ಕುಣಿಯಬೇಕಾಗಿತ್ತು ತಾನೇ ನಾನು? ಕಣ್ಣಲ್ಲಿ ನೀರು. ಖಾಲಿ ಬಾಟ್ಲಿ ಹಿಡ್ಕೊಂಡು ಆ ಮನುಷ್ಯನ ಮುಂದೆ ಹೆಂಗೆ ನಿಲ್ಲಲಿ?

ಸೌಮ್ಯ ಮೊಬೈಲ್ ತೆಗೆದಳು. (ಮನೇಲಿ ಕಿಟಕಿಗೆ ಜೋತುಬಿದ್ದರೆ ಮಾತ್ರ ಒಂದು ಗೆರೆ ಸಿಗೋ ಸಿಗ್ನಲ್ ಅಲ್ಲಿ ಫುಲ್ಲು!)

"ತಾತ, ದೊಣೆ ಒಣಗ್ಬುಟ್ಟದೆ."

"ಅದು ಮೇಕೆ ಗುಂಡಿ ಕಣವ್ವ! ನಮ್ಮನೆ ಕಡೆ ಮುಖ ಮಾಡ್ಕೊಂಡ್ ನಿಂತ್ಕೊ. ಬೆನ್ನ ಹಿಂದೆ ಎರಡು ಬಂಡೆ ಅವೆ, ಸಂದೀಲಿ ತೂರು."

"ಇಲ್ಲಿಂದ ಎಲ್ಲಾ ಮನೇನೂ ಒಂದೇ ಥರ ಕಾಣ್ತವೆ ತಾತ!"

"ತಾಳು" ಅಂದರು. ಅಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಕಟ್.

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡ್ತಾ ನಿಂತೆ. ಬೆಂಕಿಪೊಟ್ಟಣದಂಥ ಮನೆಗಳು. ಒಂದರ ಹಿತ್ತಲಲ್ಲಿ ಕೆಂಪಗೆ ಏನೋ ಹಾರಾಡ್ತು. ನನ್ನ ಸೀರೆ! ತಂತಿ ಮೇಲೆ ಒಣಹಾಕಿದ್ದ ನನ್ನ ಕೆಂಪು ಸೀರೆ ಹಿಡಿದು ನಮ್ಮೆಜಮಾನ್ರು ಬೀಸ್ತಾ ಇದ್ದಾರೆ! ಬಸ್ ಹತ್ತಿಸೋಕೆ ಬಂದರೂ ಟಾಟಾ ಮಾಡದ ಮನುಷ್ಯ!

ತಿರುಗಿದೆ. ಎರಡು ಬಂಡೆ ನಡುವೆ ಸಂದಿ. ಸೌಮ್ಯ ತೂರಿದಳು, ನಾನು ಸಿಕ್ಕಿಹಾಕ್ಕೊಂಡೆ. ಅವಳು ಎಳೆದಳು, ನಾನು ನುಗ್ಗಿದೆ. ಒಳಗೆ...

ನೀರು! ನೆರಳಲ್ಲಿ ಕಪ್ಪಗೆ, ತಣ್ಣಗೆ, ತುಂಬಿದ ದೊಣೆ! ಪುಟಾಣಿ ಕಪ್ಪೆಗಳು ಪುಳಕ್ ಪುಳಕ್ ಅಂತ ಹಾರಿದವು. ನಾನು ಕೂಗಿದ್ದಕ್ಕೆ ಹಾರಿದ್ದೋ, ಕುಣಿದಿದ್ದಕ್ಕೋ ಗೊತ್ತಿಲ್ಲ. ಶೂ ಬಿಚ್ಚಿ ಕಾಲು ಇಳಿಬಿಟ್ಟು ಕೂತೆ. ಮಂಡಿ ನೋವು ಎಲ್ಲಿ ಹೋಯ್ತು, ನನ್ನ ಕೇಳಬೇಡಿ. ಅಲ್ಲಿರೋವರೆಗೂ ಬರಲಿಲ್ಲ.

ಇಳಿಯೋವಾಗ ಮೇಕೆ ಹೊಡ್ಕೊಂಡು ಸೊಪ್ಪಮ್ಮನ ಹತ್ತಿರ ಬಂದಿದ್ದ ಊರಿನ ಹೆಂಗಸರು ಸ್ವಲ್ಪ ಮೇಲೆ ಸೊಪ್ಪು ಹಾಕಿದ ಗುಡ್ಡೆ ಕಂಡು ಆಗಲೇ ಕೈ ಮುಗೀತಾ ಇದ್ದರು. ನಾನು ತುಟಿ ಬಿಚ್ಚಲಿಲ್ಲ. ಈ ವಾರ ಒಬ್ಬೊಬ್ಬರೇ ಅರಿಶಿನ ಹಿಡ್ಕೊಂಡು ಕೊನೇ ತಂಗಿವರೆಗೂ ಹತ್ತಿ ಬರ್ತಾ ಇದ್ದಾರೆ. ನೆತ್ತಿ ಗಾಳಿ ಕುಡಿದು ಬಂದ ಮುಖಗಳನ್ನ ನೋಡಬೇಕು ನೀವು!

ಮನೆಗೆ ಬಂದಾಗ ಯಜಮಾನ್ರು ಸೀರೆ ಹೆಗಲ ಮೇಲೆ ಹಾಕ್ಕೊಂಡು ಹಿತ್ತಲಲ್ಲೇ ನಿಂತಿದ್ದರು. ಬಾಟ್ಲಿ ಕೈಗಿಟ್ಟೆ. ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿ ಇನ್ನೊಂದು ಗುಟುಕು.

"ಅದೇ ನೀರು ಕಣೇ" ಅಂದರು. ಆಮೇಲೆ ಮೀಸೆ ಒರೆಸಿಕೊಂಡು, "ಈಗೇನಂತೀಯ?"

ಅವತ್ತಿನಿಂದ ನನಗಿರೋದು ಒಂದೇ ಚಿಂತೆ. ದೊಣೆ ನಿಜ ಅಂದಮೇಲೆ, ಜವಳಗಿರಿಯಲ್ಲಿ ತೆಲುಗು ಬರೋ ಆನೇನೂ ಇದೆಯಾ?