ಕುಳಿತು ಸಂಬಳ ಉಣ್ಣದ ಸಂಗಮೇಶ

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇರುತ್ತವೆ. ರಜೆಗೆ ಊರಿಗೆ ಬಂದಾಗ ಸಂಗಮೇಶ ಮಾತ್ರ ಮೇಲಿನ ಸರಳು ಹಿಡಿದು, ಆರಡಿ ಮೀರಿದ ದೇಹವನ್ನು ಸ್ವಲ್ಪ ಬಗ್ಗಿಸಿಕೊಂಡು, ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದ. ಕಂಡಕ್ಟರನಿಗೆ ಇದು ತನಗೇ ಮಾಡಿದ ಅವಮಾನದಂತೆ ಕಾಣುತ್ತಿತ್ತು. "ಸೀಟ್ ಅದಾವಲ್ರಿ, ಕುಂದರ್ರಿ," ಎಂದರೆ, "ಇರ್ಲಿ ಬಿಡ್ರಿ, ಕುಂತು ಕುಂತು ಸಾಕಾಗೇತಿ," ಎನ್ನುತ್ತಿದ್ದ. ನನ್ನ ಮಗಳ ಮದುವೆಯಲ್ಲಂತೂ ಪಂಕ್ತಿ ಬಿಟ್ಟು, ತಾಟು ಕೈಯಲ್ಲಿ ಹಿಡಿದು, ಕಂಬಕ್ಕೆ ಒರಗಿ ನಿಂತು ಉಂಡ. ಬೀಗರು ಅವನಿಗೆ ಮೂಲವ್ಯಾಧಿ ಇರಬೇಕೆಂದು ತಿಳಿದು ನನ್ನ ಹೆಂಡತಿಗೆ ಎರಡು ಬಗೆಯ ಮನೆಮದ್ದು ಹೇಳಿ ಹೋದರು.

ಅವನಿಗೆ ಯಾವ ವ್ಯಾಧಿಯೂ ಇರಲಿಲ್ಲ. ಅವನು ಕರಾವಳಿಯ ಒಂದು ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಕ್ಲಬ್ಬಿನ ಹೆಸರು ಹೇಳುವುದಿಲ್ಲ, ಅವರದೇನೂ ತಪ್ಪಿಲ್ಲ. ತಪ್ಪು ಯಾರದೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ವಿದ್ಯಾಗಿರಿಯಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಗಂಡ ತೀರಿಕೊಂಡ ಮೇಲೆ ತಾಯಿ ಶಾಂತಕ್ಕ ಮನೆಯ ಮುಂದಿನ ಭಾಗದಲ್ಲಿ ಕಾಲೇಜು ಹುಡುಗರಿಗಾಗಿ ಖಾನಾವಳಿ ತೆರೆದಳು. ರೊಟ್ಟಿ ಬಡಿದು ಬಡಿದು ಅಗಲವಾದ ಆಕೆಯ ಅಂಗೈಗಳೇ ಮಗನಿಗೂ ಬಂದಿದ್ದವು. ಒಲೆಯ ಮುಂದಿನಿಂದ ಆಕೆ ಬಿಸಿ ರೊಟ್ಟಿ ಬೀಸಿ ಒಗೆದರೆ, ಬಾಗಿಲಲ್ಲಿ ನಿಂತ ಸಂಗಮೇಶ ಗಾಳಿಯಲ್ಲೇ ಹಿಡಿದು ಉಣ್ಣುವವರ ತಾಟಿಗೆ ಹಾಕುತ್ತಿದ್ದ. ಆಕೆ ಎಡಕ್ಕೆ ಒಗೆದರೂ ಸರಿ, ಬಲಕ್ಕೆ ಒಗೆದರೂ ಸರಿ. ರೊಟ್ಟಿ ನೆಲಕ್ಕೆ ಬಿದ್ದದ್ದು ನನಗೆ ನೆನಪಿಲ್ಲ. ಬಾದಾಮಿಯ ಸೋದರಮಾವನ ಮನೆಗೆ ಹೋದಾಗ ಕೆಂಪು ಬಂಡೆಗೆ ಚೆಂಡು ಒದ್ದು ಹಿಡಿಯುತ್ತಿದ್ದನಂತೆ. ಆ ಬಂಡೆಯ ಮೈ ಒರಟು, ಚೆಂಡು ಎತ್ತ ಪುಟಿದೀತೆಂದು ದೇವರಿಗೂ ತಿಳಿಯದು. ಅಲ್ಲಿಂದ ಧಾರವಾಡದ ಕ್ರೀಡಾ ಹಾಸ್ಟೆಲ್ಲು, ಅಲ್ಲಿಂದ ಕರಾವಳಿಯ ಕ್ಲಬ್ಬು.

ಕ್ಲಬ್ಬಿನ ಆಟ ಟಿವಿಯಲ್ಲಿ ಬಂದ ದಿನ ಖಾನಾವಳಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕ್ಯಾಮೆರಾ ಒಮ್ಮೆ ಮೈದಾನದ ಅಂಚಿನತ್ತ ತಿರುಗುತ್ತಿತ್ತು. ಅಲ್ಲಿ ನೆರಳಿನ ಕೆಳಗೆ, ಮೆತ್ತನೆಯ ಕುರ್ಚಿಯಲ್ಲಿ, ಕೋಚ್ ಸಾಹೇಬರಿಗೆ ಹತ್ತಿರದಲ್ಲಿ ನಮ್ಮ ಸಂಗಮೇಶ ಕುಳಿತಿರುತ್ತಿದ್ದ. "ಅಗಾ, ಸಂಗಣ್ಣ," ಎಂದು ಹುಡುಗರು ಕೂಗುವಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ಹೋಗಿಬಿಡುತ್ತಿತ್ತು. ಶಾಂತಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಆಗಲೇ ಹೋಗಿಬಿಟ್ಟ ಮಗನನ್ನು ನೋಡುತ್ತಿದ್ದಳು.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕು. ಫುಟ್‌ಬಾಲಿನ ಗಂಧಗಾಳಿ ನನಗಿಲ್ಲ. ನಮ್ಮಲ್ಲಿ ಕುರ್ಚಿಯಲ್ಲಿ ಕುಳಿತವರು ದೊಡ್ಡವರು, ಓಡಾಡುವವರು ಸಿಪಾಯಿಗಳು. ಬಿಸಿಲಿನಲ್ಲಿ ಬೆವರು ಸುರಿಸಿ ಓಡುವ ಹನ್ನೊಂದು ಮಂದಿಗಿಂತ ನೆರಳಲ್ಲಿ ಕುಳಿತ ಸಂಗಮೇಶ ಮೇಲಿನ ದರ್ಜೆಯವನೇ ಇರಬೇಕೆಂದು ನಾನು ನಂಬಿದ್ದೆ. ಕಚೇರಿಯಲ್ಲಿ, ಇಳಕಲ್ಲಿನ ನೆಂಟರಲ್ಲಿ, ಹುನಗುಂದದ ಬಸ್ ನಿಲ್ದಾಣದಲ್ಲಿ ಸಿಕ್ಕ ಅಪರಿಚಿತರಲ್ಲಿ ಕೂಡ "ನಮ್ಮ ಓಣ್ಯಾಗಿನ ಹುಡುಗ, ಕೋಚ್ ಮಗ್ಗುಲಾಗs ಕುಂದರ್ತಾನ," ಎಂದು ಮೂರು ವರ್ಷ ಜಂಬ ಕೊಚ್ಚಿಕೊಂಡೆ. ಯಾರೂ ನನ್ನನ್ನು ತಿದ್ದಲಿಲ್ಲ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅವನು ರಜೆಗೆ ಬಂದಿದ್ದ. ಒಂದು ರವಿವಾರ ಮಧ್ಯಾಹ್ನ ನಾನು ಖಾನಾವಳಿಯಲ್ಲಿ ಊಟಕ್ಕೆ ಕುಳಿತಿದ್ದೆ, ಅವನು ಎದುರಿಗೆ ನಿಂತಿದ್ದ. ಸುಮ್ಮನೆ ಮಾತಿಗೆಂದು ಕೇಳಿದೆ.

"ಈ ವರ್ಷ ಎಷ್ಟ್ ಮ್ಯಾಚ್ ಆಡಿದ್ಯೋ ಸಂಗಪ್ಪ?"

"ಒಂದೂ ಇಲ್ರಿ ಕಾಕಾ."

"ಹ್ವಾದ ವರ್ಷ?"

"ಹ್ವಾದ ವರ್ಷಾನೂ ಇಲ್ರಿ. ಅದರ ಹಿಂದಿನ ವರ್ಷಾನೂ ಇಲ್ಲ."

ತುತ್ತು ನೆತ್ತಿಗೇರಿ ಕೆಮ್ಮಿದೆ. ಶಾಂತಕ್ಕ ನೀರು ತಂದುಕೊಟ್ಟಳು. ಅವಳಿಗೆ ಮೊದಲೇ ಗೊತ್ತಿತ್ತು. ನಾನು ಊರೆಲ್ಲ ಡಂಗುರ ಹೊಡೆಯುತ್ತಿದ್ದವನು, ಹೇಗೆ ಹೇಳುವುದೆಂದು ಸುಮ್ಮನಿದ್ದಳಂತೆ.

ಆಮೇಲೆ ಅವನೇ ತಾಳ್ಮೆಯಿಂದ ತಿಳಿಸಿ ಹೇಳಿದ. ಮುಂದೆ ಆಡುವವರು ದಣಿಯುತ್ತಾರೆ, ಕೊನೆಯ ಹದಿನೈದು ನಿಮಿಷಕ್ಕಾದರೂ ಅವರ ಬದಲಿಗೆ ಇನ್ನೊಬ್ಬರನ್ನು ಇಳಿಸುತ್ತಾರೆ. ಗೋಲ್‌ಕೀಪರ್ ದಣಿಯುವುದಿಲ್ಲ. ಮೊದಲನೆಯವನ ಕೈ ಮುರಿಯಬೇಕು, ಇಲ್ಲವೆ ರೆಫರಿ ಅವನನ್ನು ಹೊರಗೆ ಹಾಕಬೇಕು, ಆಗ ಸಂಗಮೇಶನಂಥ ಎರಡನೆಯವನ ಪಾಳಿ.

"ಅಂವನ ಕೈ ಮುರೀಲಿ ಅಂತ ದೇವರಿಗೆ ಬೇಡ್ಕೊಳ್ಳಾಕೂ ಮನಸ್ ಬರೂದಿಲ್ರಿ ಕಾಕಾ. ಭಾಳ ಛಲೋ ಮನಶ್ಯಾ. ದಿನಾ ನನಗ ಅಂವನs ಪ್ರಾಕ್ಟೀಸ್ ಮಾಡಸ್ತಾನ."

"ಪಗಾರ ಕೊಡ್ತಾರಿಲ್ಲೋ?"

"ತಪ್ಪದs ಕೊಡ್ತಾರ್ರಿ."

"ಮತ್ತ ನಿಂದೇನ್ ತಕರಾರ?"

ನಾನು ಮನಸಾರೆ ಕೇಳಿದ ಪ್ರಶ್ನೆ ಅದು. ಕುಳಿತಲ್ಲಿಗೆ ಸಂಬಳ ಬರುವ ಕುರ್ಚಿಗಾಗಿ ನಮ್ಮ ಕಚೇರಿಯಲ್ಲಿ ಜನ ಶಿವಯೋಗ ಮಂದಿರಕ್ಕೆ ಹೋಗಿ ಹರಕೆ ಹೊರುತ್ತಾರೆ. ಉತ್ತರ ಕೊಟ್ಟವಳು ಒಲೆಯ ಮುಂದಿದ್ದ ಶಾಂತಕ್ಕ.

"ಕಾಯಕ ಇಲ್ಲದ ಕೂಳು ಮೈಗೆ ಹತ್ತೂದಿಲ್ರಿ ಅಣ್ಣಾರ. ನೋಡ್ರಿ, ಹ್ಯಾಂಗ ಸೊರಗ್ಯಾನ."

ಸಂಗಮೇಶ ಹೇಳಿದ: "ಒಂದ್ ಮ್ಯಾಚ್ ಪೂರಾ ತೊಂಬತ್ತು ನಿಮಿಷ ನಿಲ್ಲಬೇಕು ಕಾಕಾ. ಇಷ್ಟs. ಅವ್ವ ನೋಡಬೇಕು. ನೀವು ಹೇಳ್ರಿ, ಕೋಚ್‌ಗ ಹ್ಯಾಂಗ ಬರೀಲಿ? ನಿಮ್ಮ ಅರ್ಜಿ ಅಂದ್ರ ಕೆಲಸ ಆಗೂದs ಅಂತಾರ ಎಲ್ಲಾರೂ."

ಈ ಕೊನೆಯ ಮಾತಿಗೆ ನಾನು ಉಬ್ಬಿಹೋದೆ.

ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು. ನೌಕರಿ ಬಿಡಬೇಕೆಂದು ರಾಜೀನಾಮೆ ಕೊಟ್ಟವರನ್ನು ನಾನು ಅಲ್ಲಿ ಈವರೆಗೆ ಕಂಡಿಲ್ಲ. ಬೇಕಾದ ಟೇಬಲ್ ಸಿಗಲಿಲ್ಲವೆಂದು ಕೊಡುತ್ತಾರೆ, ರಜೆ ಮಂಜೂರಾಗಲಿಲ್ಲವೆಂದು ಕೊಡುತ್ತಾರೆ. ಸಾಹೇಬರು ಅದನ್ನು ಡ್ರಾವರಿನಲ್ಲಿ ಇಡುತ್ತಾರೆ. ಎರಡು ದಿನ ಬಿಟ್ಟು ಕರೆಸಿ, "ಏನ್ರಿ ಪಾಟೀಲ್ರ, ಸಣ್ಣ ಹುಡುಗರಂಗ ಮಾಡ್ತೀರಿ," ಎಂದು ಚಹಾ ತರಿಸಿ, ಕಾಗದವನ್ನು ಎದುರಿಗೇ ಹರಿದು ಹಾಕುತ್ತಾರೆ. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕೇ ಸಿಗುತ್ತದೆ. ನಾನೇ ಎರಡು ಸಲ ಕೊಟ್ಟು, ಎರಡು ಸಲವೂ ಚಹಾ ಕುಡಿದು ಬಂದವನು.

ಅದೇ ಧೈರ್ಯದಲ್ಲಿ ಬರೆಸಿದೆ. ಮೂರು ವರ್ಷದ ನಿಷ್ಠೆ, ಶಿಸ್ತು, ಆಡುವ ಹಂಬಲ ಎಲ್ಲ ಬಂದ ಮೇಲೆ ಕೊನೆಗೆ, ಬರುವ ಹಂಗಾಮಿನಲ್ಲಿ ನನಗೆ ಆಡಲು ಅವಕಾಶ ಕೊಡುವ ಭರವಸೆ ಸಿಗದಿದ್ದರೆ ಈ ಪತ್ರವನ್ನೇ ನನ್ನ ರಾಜೀನಾಮೆಯೆಂದು ತಿಳಿಯಬೇಕು ಎಂಬ ಸಾಲು. ಸಂಗಮೇಶ ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಕೇನ್ರಿ ಕಾಕಾ?" ಎಂದ.

"ಅದs ಖರೆ ಮದ್ದು. ಎರಡು ದಿನ ಕಾಯಿ, ಕರದು ಚಹಾ ಕುಡಸ್ತಾರ."

ಇಂಗ್ಲಿಷಿಗೆ ತಿರುಗಿಸಿ, ಫೋನಿನಿಂದಲೇ ಇಮೇಲ್ ಕಳಿಸಿದ. ಶಾಂತಕ್ಕ ನಮ್ಮಿಬ್ಬರಿಗೂ ಚಹಾ ಇಟ್ಟಳು. ಆ ಚಹಾ ಆರುವ ಮೊದಲೇ ಫೋನು ಸಪ್ಪಳ ಮಾಡಿತು. ಅವನು ಓದಿದ, ಮತ್ತೊಮ್ಮೆ ಓದಿದ, ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟ. ನಿಮ್ಮ ಭಾವನೆ ಅರ್ಥವಾಗುತ್ತದೆ, ಆಡಿಸುವ ಭರವಸೆ ಕೊಡಲಾರೆವು, ನಿಮ್ಮ ರಾಜೀನಾಮೆಯನ್ನು ಒಪ್ಪಿದ್ದೇವೆ, ಶುಭವಾಗಲಿ. ನಾಲ್ಕೇ ಸಾಲು.

ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾವ ಕಾಗದಕ್ಕೂ ಅದೇ ದಿನ ಉತ್ತರ ಬಂದದ್ದನ್ನು ನಾನು ಕಂಡಿರಲಿಲ್ಲ. ರವಿವಾರ ಬೇರೆ. ಒಬ್ಬ ಹುಡುಗನ ಅನ್ನವನ್ನು ಒಂದು ಕಪ್ ಚಹಾದ ಹೊತ್ತಿನಲ್ಲಿ ಕಳೆದಿದ್ದೆ. "ಹಿಂದಕ್ಕ ತಗೋಳ್ಳೂ ಅರ್ಜಿ ಬರಿಯೂಣು, ಈಗs ಬರಿಯೂಣು," ಎಂದು ತೊದಲಿದೆ. ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಶಾಂತಕ್ಕ ಹಂಚಿನ ಮುಂದೆ ಕೈ ಕಟ್ಟಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಆಕೆಯ ಕೈಯಲ್ಲಿ ರೊಟ್ಟಿ ಹೊತ್ತಿದ್ದು ನಾನು ಕಂಡಂತೆ ಅದೇ ಮೊದಲು.

ಸಂಗಮೇಶ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಬ್ಯಾಡ್ರಿ ಕಾಕಾ," ಎಂದ. "ಅವರು ನಾ ಬರದದ್ದನ್ನ ನಂಬ್ಯಾರ. ಮತ್ತ ಸುಳ್ಳು ಅಂತ ಹ್ಯಾಂಗ ಹೇಳ್ಲಿ?"

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ತಾಯಿ ಮಗ ಇಬ್ಬರೂ ಬೈಯಲಿಲ್ಲ.

ಉಳಿದ ಕ್ಲಬ್ಬುಗಳು ಅಷ್ಟರಲ್ಲಿ ತಮ್ಮ ಆಟಗಾರರ ಪಟ್ಟಿ ಮುಗಿಸಿಬಿಟ್ಟಿದ್ದವು. ಎಂಟು ತಿಂಗಳು ಅವನು ಖಾನಾವಳಿಯಲ್ಲೇ ಇದ್ದ. ನಸುಕಿಗೆದ್ದು ಕಾಲೇಜು ಮೈದಾನದಲ್ಲಿ ಒಬ್ಬನೇ ಬಿದ್ದೆದ್ದು ಬೆವರುತ್ತಿದ್ದ, ಹೊತ್ತೇರಿದ ಮೇಲೆ ಬಾಗಿಲಲ್ಲಿ ನಿಂತು ರೊಟ್ಟಿ ಹಿಡಿಯುತ್ತಿದ್ದ. ನಾನು ಆ ಓಣಿಯ ಬದಲು ಹಿಂದಿನ ದಾರಿಯಿಂದ ಕಚೇರಿಗೆ ಹೋಗತೊಡಗಿದೆ. ಒಂದು ದಿನ ಅಲ್ಲಿಯೂ ಎದುರಾದ. "ಯಾಕ್ರಿ ಕಾಕಾ, ಊಟಕ್ಕ ಬರವಲ್ರಿ? ಅವ್ವ ಕೇಳಾಕತ್ತಾಳ," ಎಂದು ಕೈ ಹಿಡಿದು ಕರೆದುಕೊಂಡೇ ಹೋದ. ಅಂದು ನಾನು ತಲೆ ತಗ್ಗಿಸಿ ಉಂಡೆ. ಬಿಸಿ ರೊಟ್ಟಿ ತಾನಾಗಿ ತಾಟಿಗೆ ಬಂದು ಬೀಳುತ್ತಿತ್ತು.

ಕೊನೆಗೆ ಮಿರಜ್ ಆಚೆಯ ಒಂದು ಸಣ್ಣ ಊರಿನ ಸಂಘದವರು ಕರೆದರು. ಸಂಬಳ ಕೇಳಿ, ತಪ್ಪು ಕೇಳಿಸಿತೆಂದು ನಾನು ಮತ್ತೊಮ್ಮೆ ಕೇಳಿದೆ. ನಮ್ಮ ಸಿಪಾಯಿಯದಕ್ಕಿಂತ ಕಡಿಮೆ. ಆದರೆ ಅವರಿಗೆ ಇದ್ದದ್ದು ಒಬ್ಬನೇ ಗೋಲ್‌ಕೀಪರ್, ಅವನು ಸಂಗಮೇಶ.

ಮೊದಲ ಪಂದ್ಯಕ್ಕೆ ನಾನೂ ಶಾಂತಕ್ಕನೂ ಹೋದೆವು. ಆಕೆ ಖಾನಾವಳಿಗೆ ಒಂದು ದಿನ ಬೀಗ ಹಾಕಿ, ಇಡೀ ತಂಡಕ್ಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಮೈದಾನವೆಂದರೆ ಕಂಪೌಂಡಿನೊಳಗಿನ ಕೆಂಪು ಮಣ್ಣು, ಒಂದು ಬದಿಗೆ ಮಾತ್ರ ಕಲ್ಲಿನ ಮೆಟ್ಟಿಲು. ಸಂಗಮೇಶ ಹಳದಿ ಅಂಗಿ ತೊಟ್ಟು ಬಂದು, ಗೋಲಿನ ಎರಡೂ ಕಂಬ ಮುಟ್ಟಿ, ನಡುವೆ ನಿಂತ. ನನ್ನ ಪಾಪ ಅಷ್ಟರ ಮಟ್ಟಿಗೆ ಕಳೆಯಿತೆಂದುಕೊಂಡೆ.

ಹತ್ತು ನಿಮಿಷದೊಳಗೆ ಚೆಂಡು ಅವನ ಹಿಂದಿನ ಬಲೆಗೆ ಬಿತ್ತು.

"ಇದು ಛಲೋ ಆತೋ, ಕೆಟ್ಟ ಆತೋ?" ಎಂದು ಶಾಂತಕ್ಕ ಕೇಳಿದಳು.

"ಕೆಟ್ಟ ಆತು ಶಾಂತಕ್ಕ."

ಅವನ ತಂಡದವರು ಅಡ್ಡಾದಿಡ್ಡಿ ಓಡುವವರು. ಎದುರಾಳಿಗಳು ಅವರ ನಡುವೆ ಬಜಾರದಲ್ಲಿ ಹೋದಂತೆ ಸಲೀಸಾಗಿ ಬರುತ್ತಿದ್ದರು. ಎರಡನೆಯದು ಬಿತ್ತು, ಮೂರನೆಯದು ಬಿತ್ತು. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡೆ. ಇಂಥ ದಿನಕ್ಕಾಗಿಯೇ ನಾನು ಅವನನ್ನು ಆ ಮೆತ್ತನೆಯ ಕುರ್ಚಿಯಿಂದ ಎಬ್ಬಿಸಿದ್ದೇ? ನಡುನಡುವೆ ಅವನು ಹಾರಿ ಹಿಡಿದದ್ದೂ ಉಂಟು. ಒಮ್ಮೆ ಎಡಕ್ಕೆ ಹೋಗುತ್ತಿದ್ದವನು ಗಾಳಿಯಲ್ಲೇ ಬಲಕ್ಕೆ ಕೈ ಚಾಚಿ ಹಿಡಿದಾಗ ಶಾಂತಕ್ಕ, "ಹಾಂ, ಇದನ್ನ ನಾ ಒಗದಂಗ ಇತ್ತು," ಎಂದಳು. ಆಟ ಮುಗಿಯುವ ಹೊತ್ತಿಗೆ ಐದು ಗೋಲು ಬಿದ್ದಿದ್ದವು. ನಮ್ಮ ಕಡೆಯಿಂದ ಒಂದೂ ಇಲ್ಲ.

ಅವನಿಗೆ ಹೇಗೆ ಮುಖ ತೋರಿಸುವುದೆಂದು ನಾನು ಮೆಟ್ಟಿಲಲ್ಲೇ ಉಳಿದೆ. ಅವನೇ ಬಂದ. ಮೊಣಕಾಲು ಕಿತ್ತು ರಕ್ತ ಬಂದಿತ್ತು, ಬಾಯಿ ತುಂಬ ಮಣ್ಣು. ಬಂದವನು ತಾಯಿಯ ಕಾಲ ಹತ್ತಿರ ಧೊಪ್ಪನೆ ಕುಳಿತುಬಿಟ್ಟ. ಕಾಲು ಚಾಚಿ, ಕಲ್ಲಿಗೆ ಬೆನ್ನು ಕೊಟ್ಟು, ಹೊಲದ ಕೆಲಸ ಮುಗಿಸಿ ಬಂದವರು ಕುಳಿತುಕೊಳ್ಳುವ ಹಾಗೆ. ನಾನು ಕಣ್ಣು ಬಿಟ್ಟು ನೋಡುತ್ತಲೇ ಇದ್ದೆ. ಅವನಾಗಲೇ ಬುತ್ತಿಗೆ ಕೈ ಹಾಕಿದ್ದ.

"ಐದು ಬಿಟ್ಟಿಯಂತಲ್ಲೋ," ಎಂದಳು ಶಾಂತಕ್ಕ.

"ಹೌದು ಯವ್ವಾ." ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಅವನು ನಗುತ್ತಿದ್ದ. "ಐದೂ ನನ್ನವs. ಅಲ್ಲೆ ಮೂರು ವರ್ಷ ಎಷ್ಟೋ ಬಿದ್ದೂವು, ಒಂದೂ ನಂದಾಗಿರಲಿಲ್ಲ."

ನಾನು ಮನಸ್ಸಿನಲ್ಲಿ ಎಂಟು ತಿಂಗಳು ತಯಾರು ಮಾಡಿಟ್ಟಿದ್ದ ಕ್ಷಮೆಯ ಮಾತು ಬಾಯಿಗೆ ಬಂತು. "ಸಂಗಪ್ಪ, ಆ ಅರ್ಜಿ," ಎನ್ನುವಷ್ಟರಲ್ಲಿ ಅವನು ರೊಟ್ಟಿಯಲ್ಲಿ ಚಟ್ನಿ ಸುತ್ತಿ ನನ್ನ ಕೈಗಿಟ್ಟು, "ಕುಂದರ್ರಿ ಕಾಕಾ, ಉಣ್ಣರಿ," ಎಂದ.

ನಾನು ಅವನನ್ನು ಕಣ್ಣಾರೆ ಕಂಡದ್ದು ಅದೇ ಕೊನೆ. ಆ ಹಂಗಾಮು ಮುಗಿಯುತ್ತಲೇ ಈಶಾನ್ಯದ ಗುಡ್ಡಗಾಡಿನ ಯಾವುದೋ ಸಂಘ ಸೇರಿದ. ಅಲ್ಲಿಂದ ಬಂದು ಹೋಗುವುದಕ್ಕೇ ವಾರ ಬೇಕು, ಎರಡು ವರ್ಷವಾಯಿತು ಬಂದಿಲ್ಲ. ಅವರ ಆಟ ಟಿವಿಯಲ್ಲೂ ಬರುವುದಿಲ್ಲ. ರವಿವಾರಗಳಲ್ಲಿ ತಾಯಿಗೆ ಫೋನು ಮಾಡುತ್ತಾನೆ. ಖಾನಾವಳಿಯಲ್ಲಿ ಈಗ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ತಂದು ಬಡಿಸುತ್ತಾರೆ.

ಅವನನ್ನು ನೆನೆದಾಗಲೆಲ್ಲ ನನಗೆ ಆ ಮೊದಲ ಪಂದ್ಯದ ದಿನ ಮರಳಿ ಬಂದ ಬಸ್ಸೇ ಕಣ್ಣಮುಂದೆ ಬರುತ್ತದೆ. ಹೊತ್ತು ಮುಳುಗುತ್ತಿತ್ತು. ಖಾಲಿ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಶಾಂತಕ್ಕ ಕಿಟಕಿಯ ಬದಿ ಕುಳಿತಿದ್ದಳು. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ನಮ್ಮ ಕಡೆಯವನೇ. "ಎಲ್ಲೆ ಹೋಗಿದ್ರಿ ಅವ್ವಾರ?" ಎಂದು ಸಹಜವಾಗಿ ಕೇಳಿದ.

ಶಾಂತಕ್ಕ ಸೆರಗು ಸರಿಮಾಡಿಕೊಂಡು, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಹೇಳಿದಳು.

"ಮಗನ ಆಟ ನೋಡಾಕ ಹೋಗಿದ್ವೆಪ್ಪ. ನನ್ನ ಮಗ ಇವತ್ತ ಐದು ಗೋಲ್ ಬಿಟ್ಟಾನ."

ಕಂಡಕ್ಟರ್ ದಂಗಾಗಿ ನನ್ನ ಮುಖ ನೋಡಿದ.

"ಹೌದ್ರಿ," ಎಂದೆ ನಾನು. "ಪೂರಾ ತೊಂಬತ್ತು ನಿಮಿಷ ನಿಂತಿದ್ದ."